ಗಾಜಿನ ಮನೆಯ ಖಾಲಿ ಕಟ್ಟೆ

ಆ ಚಳಿಗಾಲದ ಬೆಳಿಗ್ಗೆ ಹಿರಿಯ ಮಾಲಿ ನಮ್ಮ ಬಾಗಿಲಿಗೆ ಬಂದಾಗ ಅತ್ತೆ ಇನ್ನೂ ಚಹಾ ಮುಗಿಸಿರಲಿಲ್ಲ. ಸಸ್ಯೋದ್ಯಾನದ ಒಣಗಿಡಗಳ ಸಂಗ್ರಹ ನೋಡಿಕೊಳ್ಳುತ್ತಿದ್ದ ಅತ್ತೆಗೆ ಉದ್ಯಾನದೊಳಗೇ ಮನೆಯಿತ್ತು. ಗಿಡಗಳ ಹೆಸರಿನ ಫಲಕ ಬರೆಯುತ್ತಿದ್ದ ನಾನು ಅವರ ಜೊತೆಗಿದ್ದೆ. ಕತ್ತರಿ ಕಳೆದುಹೋಗಲಿ, ಯಾರ ಮೇಲಾದರೂ ಸುಳ್ಳು ದೂರು ಬರಲಿ, ಎಲ್ಲರೂ ಹುಡುಕಿಕೊಂಡು ಬರುತ್ತಿದ್ದದ್ದು ಅತ್ತೆಯನ್ನೇ. ಇದೆಲ್ಲ ನಡೆದು ಮೂವತ್ತು ವರ್ಷವಾಯಿತು. ಇವತ್ತಿಗೂ ಒದ್ದೆ ಮಣ್ಣಿನ ಬೆಚ್ಚಗಿನ ವಾಸನೆ ಬಂದರೆ ಆ ದಿನ ಕಣ್ಣಮುಂದೆ ನಿಲ್ಲುತ್ತದೆ.

"ಆರ್ಕಿಡ್ ಇಲ್ಲ ಕಣಮ್ಮ," ಎಂದರು ಮಾಲಿ. "ಕುಂಡಾನೇ ಇಲ್ಲ."

ಯಾವ ಆರ್ಕಿಡ್ ಎಂದು ಕೇಳಬೇಕಿರಲಿಲ್ಲ. ಅಂದಿಗೆ ಇಪ್ಪತ್ತಾರು ವರ್ಷದ ಹಿಂದೆ ಬೆರಳುದ್ದದ ಸಸಿಯನ್ನು ಗಾಜಿನ ಮನೆಯಲ್ಲಿ ಮಾಲಿಯೇ ನೆಟ್ಟಿದ್ದರು. ಆ ವಾರ ಅದರಲ್ಲಿ ಮೊದಲ ಮೊಗ್ಗು ಬಂದಿತ್ತು. ಶುಕ್ರವಾರ ಅವರ ನಿವೃತ್ತಿ.

"ನಿನ್ನೆ ಬೀಗ ಹಾಕುವಾಗ ಇತ್ತಾ?"

"ನೋಡಲಿಲ್ಲ. ಚಿತ್ರ ಬರೆಯೋ ಅಮ್ಮ ಕೊನೇಗೆ ಹೋದ್ರು, ಹಿಂದೇನೇ ಬೀಗ ಹಾಕಿದೆ. ಕೀಲಿ ನನ್ನ ಹತ್ರ ಒಂದು, ಆಫೀಸಲ್ಲಿ ಒಂದು. ಎಲ್ಲರೂ ನನ್ನ ಮುಖಾನೇ ನೋಡ್ತಿದಾರೆ. ಕಳ್ಳ ಅನ್ನಿಸ್ಕೊಂಡು ಮನೆಗೆ ಹೋಗಬೇಕಾ ನಾನು?"

ಗಾಜಿನ ಮನೆಯ ಮುಂದೆ ಮೇಲ್ವಿಚಾರಕ ಸಾಹೇಬರು ನಿಂತಿದ್ದರು. ಮೂವತ್ತನಾಲ್ಕರ ಪ್ರಾಯ, ದಪ್ಪ ಗಾಜಿನ ಕನ್ನಡಕ. ಚಳಿಗಾಲವಿಡೀ ಮಫ್ಲರ್ ಬಿಚ್ಚದ ಅವರು ಅಂದು ಕೋಟಿನ ಕಾಲರನ್ನು ಕಿವಿಯವರೆಗೆ ಎತ್ತಿ ಹಿಡಿದಿದ್ದರು.

"ಎಂಟಕ್ಕೆ ಬೀಗ ತೆಗೆದೆ," ಎಂದರು. "ಒಳಗೆ ಒಂದೇ ಹೆಜ್ಜೆ ಇಟ್ಟಿದ್ದು. ಆ ತುದೀಲಿ ಕಟ್ಟೆ ಖಾಲಿ ಕಾಣಿಸ್ತು. ತಕ್ಷಣ ತಿರುಗಿ ಬಂದು ಮಾಲೀನ ಕರೆಸಿದೆ."

ನಾವು ಒಳಗೆ ಹೋದೆವು. ಹೊರಗಿನ ಕೊರೆಯುವ ಚಳಿಯಿಂದ ಆ ಸೆಕೆಗೆ ಕಾಲಿಟ್ಟದ್ದೇ ನನ್ನ ಕನ್ನಡಕಕ್ಕೆ ಮಂಜು ಕವಿಯಿತು. ಅತ್ತೆ ನನ್ನ ಕೈಹಿಡಿದು ನಡೆಸಿಕೊಂಡು ಹೋದರು. ದಾರಿಯುದ್ದಕ್ಕೂ ರಾತ್ರಿ ಉದುರಿದ ಎಲೆಗಳಿದ್ದವು. ಖಾಲಿ ಕಟ್ಟೆಯ ಬುಡದಲ್ಲಿ ಒಂದೂ ಇರಲಿಲ್ಲ. ಅತ್ತೆ ಕಲ್ಲಿನ ಸಂದಿಗೆ ಬೆರಳು ಹಾಕಿ ಆರ್ಕಿಡ್ ಕುಂಡಕ್ಕೆ ತುಂಬುವ ಇದ್ದಿಲಿನ ತುಣುಕೊಂದನ್ನೂ ಉಗುರಿನಷ್ಟು ಮಣ್ಣಿನ ಕುಂಡದ ಚೂರನ್ನೂ ತೆಗೆದರು.

"ನೀವು ಗುಡಿಸಿದ್ರಾ?"

"ಇವತ್ತು ಪೊರಕೆ ಮುಟ್ಟಿಲ್ಲಮ್ಮ," ಎಂದರು ಮಾಲಿ.

ಅಷ್ಟರಲ್ಲಿ ಚಿತ್ರಗಾರ್ತಿ ಬಂದು, ಯಾರೂ ಕೇಳದಿದ್ದರೂ ತಮ್ಮ ದೊಡ್ಡ ಚೀಲವನ್ನು ಬೆಂಚಿನ ಮೇಲೆ ಸುರಿದರು. ಪೆನ್ಸಿಲ್ಲುಗಳು, ಆರ್ಕಿಡ್ ಮೊಗ್ಗಿನ ಅರ್ಧ ಬರೆದ ಚಿತ್ರ. "ಉಳಿದರ್ಧ ಇವತ್ತು ಬರೀಬೇಕಿತ್ತು. ನಾನ್ಯಾಕೆ ಕದೀಲಿ?"

ಅತ್ತೆ ಒಬ್ಬರೇ, ಗಾಜಿನ ಮನೆಯನ್ನು ಬೆಚ್ಚಗಿಡುವ ಹಿಂಬದಿಯ ಬಾಯ್ಲರ್ ಕೋಣೆಗೆ ಹೋಗಿಬಂದರು. ಮಧ್ಯಾಹ್ನ ಎಲ್ಲರನ್ನೂ ತಮ್ಮ ಸಂಗ್ರಹದ ಕೋಣೆಗೆ ಕರೆದರು.

"ಕುಂಡ ಕಳುವಾಗಿಲ್ಲ, ಒಡೆದಿದೆ," ಎಂದು ಶುರು ಮಾಡಿದರು. "ಚೂರು ಅಲ್ಲೇ ಸಿಕ್ತು. ರಾತ್ರಿ ಉದುರಿದ ಎಲೆ ಆ ಜಾಗದಲ್ಲಿ ಮಾತ್ರ ಇಲ್ಲ. ಅಂದ್ರೆ ಗುಡಿಸಿದ್ದು ಬೆಳಿಗ್ಗೆ. ಹಾಗಾಗಿ ನಿನ್ನೆ ಸಂಜೆ ಹೋದ ಇವರಲ್ಲ. ಉಳಿದದ್ದು ಕೀಲಿ ಇರೋ ಇಬ್ಬರು." ಸಾಹೇಬರತ್ತ ತಿರುಗಿದರು. "ಒಂದೇ ಹೆಜ್ಜೆ ಇಟ್ಟು ನೋಡಿದೆ ಅಂದ್ರಿ. ಈ ಚಳೀಲಿ ಕನ್ನಡಕದವರಿಗೆ ಅಲ್ಲಿ ಐದು ನಿಮಿಷ ಏನೂ ಕಾಣಲ್ಲ. ಕಟ್ಟೆ ಖಾಲಿ ಅಂತ ಗೊತ್ತಾಗಬೇಕಾದ್ರೆ ನೀವು ಅಲ್ಲೀವರೆಗೂ ಹೋಗಿರಬೇಕು."

ಅತ್ತೆ ಮೇಜಿನ ಕೆಳಗಿಂದ ಬುಟ್ಟಿ ಎತ್ತಿದರು. ಅದರಲ್ಲಿ ಒದ್ದೆ ಮಫ್ಲರಿನಲ್ಲಿ ಸುತ್ತಿದ ಆರ್ಕಿಡ್ ಇತ್ತು. ಮೊಗ್ಗಿನ ದಂಟು ಮುರಿದಿತ್ತು. "ಬಿಸಿನೀರಿನ ಕೊಳವೆ ಪಕ್ಕ ಇತ್ತು. ಗಿಡ ಸಾಯಬಾರದು ಅಂತ ಇಟ್ಟಿದ್ದು."

ಸಾಹೇಬರು ಕನ್ನಡಕ ತೆಗೆದು ಮಾಲಿಯತ್ತ ನೋಡಿದರು. "ಎಂಟು ವರ್ಷದವನಿದ್ದಾಗ ಅಮ್ಮನ ಜೊತೆ ಇಲ್ಲಿಗೆ ಬಂದಿದ್ದೆ. ಇವರು ನನ್ನ ಎತ್ತಿಕೊಂಡು ಈ ಗಿಡ ತೋರಿಸಿದ್ರು. ಇವತ್ತು ಹೂ ಬಿರಿದಿರುತ್ತೇನೋ ಅಂತ ತಡೀಲಾರದೆ ಹೋದೆ. ಏನೂ ಕಾಣಲಿಲ್ಲ, ಕೈ ತಗುಲಿ ಬಿತ್ತು. ಇವರಿಗೆ ಹೇಗೆ ಹೇಳೋದು ಅಂತ ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟೆ. ಇವರ ಮೇಲೆ ಯಾರಾದ್ರೂ ಅನುಮಾನ ಪಡ್ತಾರೆ ಅಂತ ಹೊಳೀಲೇ ಇಲ್ಲ. ಹೊಳೆದ ಮೇಲೂ ನಾಲಿಗೆ ಏಳಲಿಲ್ಲ."

ಮಾಲಿ ಬೇರುಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ತಲೆಯೆತ್ತಿದರು.

"ಕೆಂಪು ಟೋಪಿ ಹಾಕ್ಕೊಂಡು, ಗಿಡಕ್ಕೆ ನಿದ್ದೆ ಬರುತ್ತಾ ಅಂತ ತಲೆ ತಿಂದಿದ್ದು ನೀವೇನಾ?"

"ನಾನೇ."

"ಅವತ್ತೂ ಒಂದು ಕುಂಡ ಒಡೆದಿದ್ರಿ."

ಸಾಹೇಬರ ಮುಖದಲ್ಲಿ ನಗುವೋ ಅಳುವೋ ತಿಳಿಯಲಿಲ್ಲ. ಎದ್ದು ನೇರ ಅಂಗಳಕ್ಕೆ ಹೋಗಿ, ನೆರೆದಿದ್ದ ಕೆಲಸದವರ ಮುಂದೆ ತಪ್ಪು ತಮ್ಮದೆಂದು ಹೇಳಿ, ಮಾಲಿಯ ಕ್ಷಮೆ ಕೇಳಿದರು. ಸಂಜೆ ಇಬ್ಬರೂ ಸೇರಿ ಗಿಡವನ್ನು ಹೊಸ ಕುಂಡಕ್ಕೆ ಹಾಕಿದರು.

ಶುಕ್ರವಾರದ ಬೀಳ್ಕೊಡುಗೆಯಲ್ಲಿ ಸಾಹೇಬರು ಭಾಷಣ ಮಾಡಲಿಲ್ಲ. ಮಾಲಿಯ ಕೈಚೀಲ ಹಿಡಿದು ಅವರನ್ನು ಗೇಟಿನೆದುರಿನ ಬಸ್ ನಿಲ್ದಾಣಕ್ಕೆ ಬಿಡಲು ಹೊರಟರು. ಎರಡು ಬಸ್ಸು ಬಂದು ಹೋದರೂ ಇಬ್ಬರೂ ಅಲ್ಲಿನ ಬೆಂಚಿನ ಮೇಲೆ ಮಾತಾಡುತ್ತಲೇ ಕೂತಿದ್ದರು. ಅತ್ತೆ ಗೇಟಿನ ಬಳಿ ನಿಂತು ನೋಡಿ, "ನಡಿ, ನಾವು ಹೋಗೋಣ," ಎಂದು ನನ್ನ ಭುಜದ ಮೇಲೆ ಕೈಯಿಟ್ಟರು.