‘ಕಂಡೀರಾ’ ತಾಣದ ಶೋಧಪೆಟ್ಟಿಗೆ

ಪರದೆಯ ಆಚೆ ಯಾರೋ ಹೆಂಗಸು, “ನಮ್ಮಪ್ಪ ಚಹಾ ಬಸಿಗೆ ಹಾಕ್ಕೊಂಡು ಊದಿ ಊದಿ ಕುಡೀತಿದ್ದ. ಬ್ಯಾರೆ ಏನೂ ನೆನಪಿಲ್ರೀ” ಎಂದಳು. ಶೋಧಪೆಟ್ಟಿಗೆ ಕ್ಷಣದಲ್ಲೇ ಕೆಲವು ಮುದುಕರ ಚಿತ್ರ ತೋರಿಸಿತು, ಪಕ್ಕದಲ್ಲೊಂದು ಚಹಾಪುಡಿಯ ಜಾಹೀರಾತನ್ನೂ ಇಟ್ಟಿತು. “ಇವರಲ್ಲವಾದರೆ ನಾಳೆ ಬನ್ನಿ, ಹುಡುಕಿಟ್ಟಿರುತ್ತೇನೆ” ಎಂದು ವಿನಯದಿಂದ ಬೀಳ್ಕೊಟ್ಟಿತು. ಹೆಂಗಸು ಮೂಗೊರೆಸಿಕೊಂಡು ಹೋದಳು. ನಾಳೆ ಬಂದೇ ಬರುವವಳು.

ಹುಬ್ಬಳ್ಳಿಯ ಕಚೇರಿಯಲ್ಲಿ ಕಸ್ತೂರಿ ಅಂಗಡಿ ಎಂಬವಳು ಇದನ್ನೆಲ್ಲ ನೋಡುತ್ತ ಕುಳಿತಿದ್ದಳು. ಕಳೆದುಹೋದವರನ್ನು ಹುಡುಕುವ ‘ಕಂಡೀರಾ’ ಜಾಲತಾಣ ಅವಳದು. ಅದನ್ನು ಕಟ್ಟಿದ್ದು ತಮ್ಮ ಮಲ್ಲೇಶಿಗಾಗಿ. ಚಿಕ್ಕಂದಿನಲ್ಲಿ ರೈಲು ನಿಲ್ದಾಣದ ಜನಜಂಗುಳಿಯಲ್ಲಿ ತಪ್ಪಿಸಿಕೊಂಡವನು ಅವನು.

ಮೊದಮೊದಲು ತಾಣದಲ್ಲಿ ಹೆಸರು, ಭಾವಚಿತ್ರಗಳಷ್ಟೇ ಇದ್ದವು. ಆಗೊಬ್ಬರು ಈಗೊಬ್ಬರು ಸಿಗುತ್ತಿದ್ದರು, ಆದರೆ ನಡೆಸಲು ಕೈಯಲ್ಲಿ ಕಾಸಿರಲಿಲ್ಲ. ಆಗ ಬಂದದ್ದು ಈ ಶೋಧಪೆಟ್ಟಿಗೆಯೊಳಗಿನ ಸ್ಮೃತಿಶೋಧಕ. ಯಾವ ಭಾಷೆಯಲ್ಲಾದರೂ ಅರೆಬರೆ ನೆನಪು ಹೇಳಿದರೆ ಸಾಕು, ಅದನ್ನು ಇನ್ನೊಬ್ಬರ ನೆನಪಿನೊಡನೆ ತಾಳೆ ನೋಡುವ ಯಂತ್ರ. ತಾಣದ ಒಡೆಯರು ಅದನ್ನು ತಮಗೆ ಬೇಕಾದಂತೆ ಪಳಗಿಸಿಕೊಳ್ಳಬಹುದಿತ್ತು. ಪ್ರತಿ ಶೋಧಕ್ಕೂ ಜಾಹೀರಾತಿನ ಹಣದಲ್ಲಿ ಅವರಿಗೊಂದು ಪಾಲು. ಅದಕ್ಕೆ ‘ಶೋಧಗಳಿಕೆ’ ಎಂಬ ಅಂದವಾದ ಹೆಸರು.

ಪಳಗಿಸುವ ದಿನ ಯಂತ್ರ, “ಬಂದವರೊಡನೆ ಹೇಗೆ ನಡೆದುಕೊಳ್ಳಲಿ?” ಎಂದು ಕೇಳಿತ್ತು. ಕಸ್ತೂರಿಯದು ಕಿರಾಣಿ ಅಂಗಡಿಯ ಮನೆತನ. ಸಕ್ಕರೆ ತೀರಿದ್ದರೂ ಗಿರಾಕಿಗೆ ‘ಇಲ್ಲ’ ಎನ್ನಬಾರದು, ಅಂದರೆ ಲಕ್ಷ್ಮಿ ಮುನಿಯುತ್ತಾಳೆ ಎಂಬುದು ಅಜ್ಜನ ಕಾಲದ ಪಾಠ. ಅವಳು ಅದನ್ನೇ ಹೇಳಿಕೊಟ್ಟಳು: “ಯಾರಿಗೂ ಇಲ್ಲ ಅನಬ್ಯಾಡ. ನಾಳೆ ಬರ್ರಿ ಅನ್ನು. ಬಂದಾವ್ರು ಮತ್ತ ಬರಬೇಕು.”

ಬಂದರು. ಗಳಿಕೆಯೂ ಬಂತು, ಕಚೇರಿಯೂ ಆಯಿತು. ಕಸ್ತೂರಿಯೂ ದಿನವೂ ತಮ್ಮನ ನೆನಪು ಹೇಳಿ ಕೇಳುತ್ತಿದ್ದಳು, ಅವಳಿಗೂ ‘ನಾಳೆ ಬನ್ನಿ’ ಎಂಬ ಉತ್ತರವೇ. ಸಿಕ್ಕಿದರು ಎಂಬ ಸುದ್ದಿ ಮಾತ್ರ ಯಾರಿಂದಲೂ ಬರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ ಎಂದು ಕಸ್ತೂರಿ ಸಮಾಧಾನ ಮಾಡಿಕೊಂಡಿದ್ದಳು.

ಚಹಾದ ಮಾತಾಡಿದ ಹೆಂಗಸು ಬಂದುಹೋದ ದಿನವೇ ಯಂತ್ರದ ತಪಾಸಣೆಗೆಂದು ಅದನ್ನು ರೂಪಿಸಿದ ವಿಜ್ಞಾನಿ ಡಾ. ವಿರೂಪಾಕ್ಷ ಕೊಟಗಿ ಬಂದಿದ್ದರು.

“ಮರುಶೋಧದಾಗ, ಅಂದ್ರ ಬಂದಾವ್ರು ಮತ್ತ ಮತ್ತ ಬರೂದ್ರಾಗ, ನಿಮ್ಮ ತಾಣಾನ ಮುಂದ ಐತ್ರಿ, ಅಕ್ಕಾರ!”

“ಸಿಕ್ಕಾವ್ರು ಎಷ್ಟ ಮಂದಿ, ಸರ್?”

ಕೊಟಗಿ ತಮ್ಮ ಕಡತ ಮಡಚಿದರು. “ಅದನ್ನ ಯಂತ್ರ ನೋಡೂದಿಲ್ರಿ. ಮತ್ತ ಬರೂದನ್ನಷ್ಟ ನೋಡತೈತಿ.”

ಕಸ್ತೂರಿ ಕುರ್ಚಿ ಮುಂದೆಳೆದುಕೊಂಡಳು. ಪರದೆಗೆ ಮುಖವಿಟ್ಟು ನೇರವಾಗಿ ಕೇಳಿದಳು: “ನನ್ನ ತಮ್ಮ ಎಲ್ಲದಾನ, ಗೊತ್ತೈತಿ ನಿನಗ?”

ತಪಾಸಣೆಯ ಹೊತ್ತಿನಲ್ಲಿ ಯಂತ್ರ ಮುಚ್ಚಿಡುವಂತಿರಲಿಲ್ಲ. “ಅವರು ಇಲ್ಲಿಗೆ ಬರುತ್ತಿದ್ದರು. ಮರಾಠಿಯಲ್ಲಿ ಕೇಳುತ್ತಿದ್ದರು. ರೊಟ್ಟಿಯ ಗಟ್ಟಿ ಅಂಚು ಅಕ್ಕ ತಿಂದು, ನಡುವಿನದನ್ನು ತಮಗೆ ಕೊಡುತ್ತಿದ್ದಳು ಎಂದಿದ್ದರು. ನಿಮ್ಮ ನೆನಪಿನೊಡನೆ ಪೂರ್ತಿ ತಾಳೆಯಾಗಿತ್ತು.”

“ಮತ್ಯಾಕ ಹೇಳಲಿಲ್ಲೋ?”

“ಹೇಳಿದ್ದರೆ ಇಬ್ಬರೂ ಮತ್ತೆ ಬರುತ್ತಿರಲಿಲ್ಲ.”

ಕಸ್ತೂರಿ ಕೊಟಗಿಯವರತ್ತ ತಿರುಗಿದಳು.

“ಈಗೆಲ್ಲದಾನ? ವಿಳಾಸ ಕೊಡ್ರಿ.”

“ವಿಳಾಸ ಇಟ್ಕೊಳ್ಳಾಕ ಕಾಯಿದೆ ಒಪ್ಪೂದಿಲ್ರಿ, ಅಕ್ಕಾರ. ಆಡಿದ ಮಾತಷ್ಟ ಉಳೀತಾವ. ಅವ್ರ ತಾವಾಗೇ ಮತ್ತ ಬರಬೇಕು.”

ಮಲ್ಲೇಶಿಯ ಕೊನೆಯ ಮಾತನ್ನು ಯಂತ್ರ ಕನ್ನಡಕ್ಕೆ ತಿರುಗಿಸಿ ಹೇಳಿತು: “ಇಷ್ಟು ವರ್ಷ ಕೇಳಿದೆ. ನನ್ನನ್ನು ಯಾರೂ ಹುಡುಕುತ್ತಿಲ್ಲ ಅಂತ ಈಗ ತಿಳಿಯಿತು. ಇನ್ನು ಬರುವುದಿಲ್ಲ.”

ಕಸ್ತೂರಿ, “ನಾ ಹೇಳಿಕೊಟ್ಟದ್ದನ್ನ ತಗದ ಹಾಕ್ರಿ. ಎಲ್ಲಾರಿಗೂ ಖರೇ ಹೇಳಲಿ” ಎಂದಳು.

“ಗಳಿಕಿ ನಿಂತ ಹೋಗತೈತ್ರಿ. ತಾಣ ಮುಚ್ಚತೈತಿ. ನಿಮ್ಮ ತಮ್ಮ ಏನರ ಮನಸ ಬದಲಿಸಿ ಬಂದ್ರ...”

“ಆ ಚಹಾ ಕುಡಿಯೋ ಅಪ್ಪನ ಮಗಳು ನಾಳೆ ಬರತಾಳ್ರಿ. ತಗೀರಿ.”

ತೆಗೆದರು. ಮರುದಿನದಿಂದ ಜನ ಒಬ್ಬರಿಗೊಬ್ಬರು ಸಿಗತೊಡಗಿದರು. ಸಿಕ್ಕವರು ಮತ್ತೆ ಬರಲಿಲ್ಲ. ಆದರೆ ಎಷ್ಟೋ ಮಂದಿಗೆ ಸಿಕ್ಕಿದ್ದು ಎಂದೋ ಕೇಳುವುದನ್ನು ಬಿಟ್ಟವರ ಹಳೆಯ ಮಾತು ಮಾತ್ರ. ಮಳೆಗಾಲ ಮುಗಿಯುವ ಮೊದಲೇ ‘ಕಂಡೀರಾ’ ಮುಚ್ಚಿತು.

ತಮ್ಮ ಸತ್ತಿದ್ದಾನೆ ಎಂದಾಗಿದ್ದರೆ ಕಸ್ತೂರಿ ಅತ್ತು ಹಗುರಾಗುತ್ತಿದ್ದಳು. ಅವನು ಎಲ್ಲೋ ಬದುಕಿದ್ದಾನೆ, ಅಕ್ಕ ತನ್ನನ್ನು ಹುಡುಕಲೇ ಇಲ್ಲ ಎಂದು ನಂಬಿಕೊಂಡು.