ಮೇಲೇಳದ ಕೈ

ಬುರುಲ್ಚಾಗೆ ಜನರ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು. ಎರಡರ ಮೇಲೂ ಅವಳಿಗೆ ಗೌರವವಿರಲಿಲ್ಲ. ಇಸಿಕ್-ಕುಲ್ ಸರೋವರದ ದಡದ ಆ ಹಳೆಯ ಆರೋಗ್ಯಧಾಮಕ್ಕೆ ಬರುವವರೆಲ್ಲ ವರ್ಷವಿಡೀ ಮೈ ಹಾಳುಮಾಡಿಕೊಂಡು, ರಜೆಯಲ್ಲಿ ಅದನ್ನು ತಂದು ಅವಳ ಮಾಲೀಸಿನ ಮೇಜಿನ ಮೇಲೆ ಒಗೆಯುತ್ತಿದ್ದರು. ಒತ್ತು, ಉಜ್ಜು, ಸರಿಮಾಡು.

ಅವರಲ್ಲೂ ಕಡೆ ಎಂದರೆ ಕೋಕ್‌ಬೋರು ಆಡುವವರು. ಕತ್ತೆಯಂತೆ ಬೆಳೆದ ಗಂಡಸರು ಕುದುರೆಯೇರಿ, ತಲೆ ಕಡಿದ ಮೇಕೆಗಾಗಿ ಕಿತ್ತಾಡುವುದು; ಬಿದ್ದು ಭುಜ ಕೆಡಿಸಿಕೊಂಡರೆ ಅದಕ್ಕೆ ಶೌರ್ಯ ಎಂಬ ಹೆಸರು ಬೇರೆ. ಕೈ ಎತ್ತಲಾಗದೆ ಕುಬಾತ್ ಎಂಬ ಅಂಥವನೊಬ್ಬ ಬಂದಾಗ, ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಗೆದ್ದಿದ್ದು ಯಾರು, ನೀವಾ ಮೇಕೆನಾ?"

"ಮೇಕೆ ಸತ್ತಿತ್ತಲ್ಲ ಡಾಕ್ಟರಮ್ಮ."

"ಹಾಗಾದ್ರೆ ಅದೇ ಗೆದ್ದಿದ್ದು. ಅದಕ್ಕೆ ನೋವಿಲ್ಲ ನೋಡಿ."

ಅವನು ನಕ್ಕ. ನಗುವಾಗ ಕೆನ್ನೆಯಲ್ಲಿ ಬಿದ್ದ ಗುಳಿಯನ್ನು ತಾನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಬಗಲಿಗೆ ಬೆರಳಿಟ್ಟು, ಗಂಟುಕಟ್ಟಿದ ಸ್ನಾಯು ಸೋತು ಸಡಿಲವಾಗುವವರೆಗೆ ಒತ್ತಿ ಹಿಡಿಯುತ್ತಿದ್ದಳು. ಆಮೇಲೆ ತೋಳನ್ನು ಮೆಲ್ಲಗೆ ಜಗ್ಗಿ, ಕೀಲು ಸರಾಗವಾಗಿ ಆಡುವಂತೆ ಮಾಡಿ ಮೇಲೆತ್ತುತ್ತಿದ್ದಳು. ಅವನು ತನ್ನ ಕುದುರೆಯನ್ನು ಹೊಗಳುತ್ತಿದ್ದ. ಅವಳು ಕುದುರೆಯನ್ನೂ ಹೀಗಳೆಯುತ್ತಿದ್ದಳು. ಕೈ ದಿನದಿನಕ್ಕೂ ಮೇಲೇರಿತು. ಭುಜದ ಮಟ್ಟಕ್ಕೆ ಬಂದದ್ದೇ ನಿಂತುಬಿಟ್ಟಿತು.

ಏನು ಮಾಡಿದರೂ ಅಲ್ಲಿಂದ ಮೇಲಕ್ಕಿಲ್ಲ. ಬುರುಲ್ಚಾಳ ಕೈಗುಣ ಹೋಯಿತು ಎಂಬ ಮಾತು ಊಟದ ಹಾಲ್‌ನಲ್ಲಿ ಹಬ್ಬಿತು. ರೋಗಿಗಳು ಪಕ್ಕದ ಕೋಣೆಯ ಹೊಸ ಯಂತ್ರಕ್ಕೆ ಜಾರಿಕೊಂಡರು. ಈ ಕೈ ಏಳದಿದ್ದರೆ ಅವಳ ಮೇಜು ತೆಗೆಸಿ, ಅವಳನ್ನು ಮಣ್ಣಿನ ಸ್ನಾನದ ವಿಭಾಗಕ್ಕೆ ಕೆಸರು ಹೊರಲು ಹಾಕುವುದಾಗಿ ಆರೋಗ್ಯಧಾಮದ ಮುಖ್ಯಸ್ಥೆ ಹೇಳಿದಳು. ಎಲ್ಲರನ್ನೂ ಹೀಯಾಳಿಸುತ್ತಿದ್ದ ಬುರುಲ್ಚಾ ಮೊದಲ ಬಾರಿಗೆ ತನ್ನ ಬೆರಳುಗಳನ್ನೇ ಅನುಮಾನದಿಂದ ನೋಡಿಕೊಂಡಳು.

ಒಂದು ಮಧ್ಯಾಹ್ನ ಅವಳು ಒತ್ತುತ್ತಿರುವಾಗಲೇ ಕುಬಾತನಿಗೆ ಜೊಂಪು ಹತ್ತಿತು. ಕೈ ಎತ್ತಿದಳು. ಅದು ಭುಜ ದಾಟಿ, ಎಲ್ಲೂ ತಡೆಯದೆ, ಕಿವಿಯವರೆಗೆ ಹೋಯಿತು. ಅಷ್ಟರಲ್ಲಿ ಎಚ್ಚರಾದ ಅವನು ತಟ್ಟನೆ ತೋಳು ಬಿಗಿದ.

"ಎಷ್ಟು ದಿನದಿಂದ ಈ ನಾಟಕ?"

ಅವನು ಕಣ್ಣು ತಗ್ಗಿಸಿದ. "ವಾಸಿಯಾದ್ರೆ ಮನೆಗೆ ಕಳಿಸ್ತಾರೆ. ಅಲ್ಲಿ ನನ್ನನ್ನ ಬೈಯೋಕೆ ನೀವಿರಲ್ವಲ್ಲ."

ಅವಳ ಎದೆ ಕುಣಿಯಿತು. ಕುಣಿದದ್ದಕ್ಕೆ ಕೋಪ ಇಮ್ಮಡಿಯಾಯಿತು.

"ನಿನ್ನ ಆಸೆಗೆ ನನ್ನ ಕೈಗೆ ಕೆಟ್ಟ ಹೆಸರು ತಂದ್ಯಲ್ಲೋ. ನನಗೆ ಅಂತ ಇರೋದು ಇವೆರಡೇ. ಶರ್ಟ್ ಹಾಕ್ಕೊಂಡು ನಡಿ."

ಸಂಜೆ ಊಟದ ಹೊತ್ತಿಗೆ ಕುಬಾತ್ ಹಾಲ್‌ನ ನಡುವೆ ಕುರ್ಚಿ ಹತ್ತಿ ನಿಂತ. ಎರಡೂ ಕೈ ನೆಟ್ಟಗೆ ಮೇಲೆತ್ತಿದ.

"ನನ್ನ ಭುಜ ಎಂದೋ ವಾಸಿಯಾಗಿದೆ. ವಾಸಿ ಮಾಡಿದ್ದು ಬುರುಲ್ಚಾ. ಅವಳನ್ನ ಬಿಟ್ಟು ಹೋಗೋ ಮನಸ್ಸಿಲ್ದೆ ನಾನೇ ಸುಳ್ಳು ಹೇಳ್ದೆ."

ಮೊದಲು ನಕ್ಕವರು ಅವನಂತೆಯೇ ಚಿಕಿತ್ಸೆಗೆ ಬಂದಿದ್ದ ಅವನ ತಂಡದವರೇ. ಹೆಣ್ಣಿಗಾಗಿ ನೋವಿನ ನಾಟಕ ಆಡಿದ ಸವಾರ ಎಂಬ ಸುದ್ದಿ ಬೆಟ್ಟದಾಚೆಯ ನಾರಿನ್ ಪಟ್ಟಣದವರೆಗೆ ಮುಟ್ಟುವುದು ಖಂಡಿತ, ಇನ್ನು ಯಾವ ಮೈದಾನದಲ್ಲೂ ಅವನು ತಲೆಯೆತ್ತುವಂತಿರಲಿಲ್ಲ. ಮುದುಕಿಯರು ಚಹಾ ಚೆಲ್ಲಿಕೊಂಡು ನಕ್ಕರು. ಅವನ ಕಿವಿಗಳು ಕೆಂಪಾದವು. ಆದರೂ ಕೈ ಇಳಿಸಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಬುರುಲ್ಚಾ ಒಂದು ಚುಚ್ಚುಮಾತಿಗಾಗಿ ತಡಕಾಡಿದಳು. ಸಿಗಲಿಲ್ಲ. ಅವಳಿಗೆ ಅವನು ಬೇಕಾಗಿದ್ದ, ಅಷ್ಟೇ. ನಗುತ್ತಿದ್ದವರನ್ನು ಸರಿಸಿಕೊಂಡು ಕುರ್ಚಿಯ ಬಳಿ ಹೋದಳು.

"ಇಳಿಯೋ ಕೋತಿ, ಬಿದ್ದು ಇನ್ನೊಂದು ಭುಜಾನೂ ಕೆಡಿಸ್ಕೊಂಡೀಯ. ನಿಮ್ಮಮ್ಮನಿಗೆ ಫೋನ್ ಮಾಡು. ಬಂದು ನನ್ನ ಕಿವಿಗೆ ಓಲೆ ಹಾಕಿ, ಮದುವೆ ನಿಶ್ಚಯ ಮಾಡ್ಕೊಂಡು ಹೋಗ್ಲಿ. ಜೋತಾಡೋ ಓಲೆ ಬೇಡ ಅನ್ನು, ಬಗ್ಗಿ ಕೆಲಸ ಮಾಡೋಳು ನಾನು."