ಎಡಗೈಯ ಮೊದಲ ಗೆರೆ

ಬಾಗಿಲಲ್ಲೇ ತನುಜಾಳ ಕಾಲುಗಳು ನಿಂತುಬಿಟ್ಟವು.

ಕಿಟಕಿ ಪಕ್ಕದ ಬೆಂಚಿನಲ್ಲಿ ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದ ಆ ಮನುಷ್ಯ ಸತ್ತುಹೋಗಿದ್ದವನು. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಹೋದ ವರ್ಷ ಜನ್ನಾಪುರದ ಬಸ್ ಸ್ಟಾಪಿನ ಎದುರು ಇದೇ ಮುಖ ಆಳೆತ್ತರದ ಫ್ಲೆಕ್ಸಿನಲ್ಲಿ ನಗುತ್ತಿತ್ತು. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ‘ಮತ್ತೆ ಹುಟ್ಟಿ ಬಾ ಗೆಳೆಯ’. ತೊಡೆಯ ಮೇಲೆ ಕೇಕಿನ ಡಬ್ಬ ಇಟ್ಟುಕೊಂಡು ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದ ತನುಜಾ ಆ ಕೆನ್ನೆಯ ಗುಳಿಯನ್ನೇ ನೋಡುತ್ತ, ಯಾರೋ ಏನೋ, ಇಷ್ಟು ಚಂದ ನಗುವವನು ಹೀಗೆ ಹೋಗಬಾರದಿತ್ತು ಎಂದು ಕಣ್ಣೊರೆಸಿಕೊಂಡಿದ್ದಳು.

ಈಗ ಆ ಗುಳಿ ಅವಳತ್ತ ತಿರುಗಿತು.

“ಬನ್ನಿ, ಇಲ್ಲಿ ಜಾಗ ಇದೆ,” ಎಂದ ಸತ್ತವನು, ಬೆಂಚಿನಲ್ಲಿ ಸರಿಯುತ್ತ.

ಬೇರೆಲ್ಲೂ ಜಾಗವಿರಲಿಲ್ಲ. ಸವಳಂಗ ರಸ್ತೆಯ ಕನ್ನಡಕದ ಅಂಗಡಿಯ ಮಹಡಿ ಮೇಲಿನ ಆ ಕೋಣೆಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಓಂಕಾರಪ್ಪನವರು ಭಾನುವಾರಗಳಂದು ದೊಡ್ಡವರಿಗೆ ಚಿತ್ರಕಲೆಯ ಮೊದಲ ಪಾಠ ಹೇಳಿಕೊಡುತ್ತಿದ್ದರು. ತನುಜಾ ಬಂದಿದ್ದು ಕೇಕಿನ ಸಲುವಾಗಿ. ಮನೆಯಲ್ಲೇ ಕೇಕ್ ಮಾಡಿ ಮಾರುವ ಅವಳಿಗೆ ಗಿರಾಕಿಗಳು ‘ಡಿಸೈನ್ ಬರೆದು ಕಳಿಸಿ’ ಎನ್ನುತ್ತಿದ್ದರು. ಅವಳು ಬರೆದ ಎರಡಂತಸ್ತಿನ ಕೇಕ್ ನೋಡಿ ಮದುವೆ ಹುಡುಗಿಯೊಬ್ಬಳು, ‘ಅಕ್ಕಾ, ಇದು ವಾಷಿಂಗ್ ಮೆಷಿನ್ನಾ?’ ಎಂದು ಮೆಸೇಜ್ ಹಾಕಿದ್ದಳು.

“ಎರಡು ಚುಕ್ಕಿ ಇಡಿ. ಒಂದರಿಂದ ಇನ್ನೊಂದಕ್ಕೆ ಗೆರೆ,” ಎಂದರು ಮೇಷ್ಟ್ರು. “ಮಣಿಕಟ್ಟು ಅಲ್ಲಾಡಿಸಬೇಡಿ, ಭುಜದಿಂದ ಎಳೀರಿ. ಮೊದ್ಲು ಗಾಳೀಲಿ ಎಳೆದು ನೋಡಿ, ಆಮೇಲೆ ಕಾಗದದ ಮೇಲೆ. ತಪ್ಪಿದ್ರೆ ಅಳಿಸೋದು ಬೇಡ, ಇನ್ನೊಂದು ಎಳೀರಿ.”

ತನುಜಾಳ ಗೆರೆ ಚುಕ್ಕಿಯನ್ನು ದಾಟಿ ಬೆಂಚಿನ ಮೇಲಕ್ಕೆ ಹೋಯಿತು. ಪಕ್ಕದವನ ಗೆರೆ ಅದಕ್ಕಿಂತ ಕಡೆ. ಎಡಗೈಯಲ್ಲಿ ಪೆನ್ಸಿಲನ್ನು ಬಿಗಿಯಾಗಿ ಹಿಡಿದು ಅವನು ಎಳೆದಿದ್ದು ಬಿಸಿಲಿಗೆ ಬಿದ್ದ ಎರೆಹುಳದ ಹಾಗೆ ಹೊರಳಾಡಿತ್ತು. ಆದರೆ ಅವನು ಉಸಿರಾಡುತ್ತಿದ್ದ. ಅವನ ಅಂಗಿಯಿಂದ ಇಸ್ತ್ರಿಯ ವಾಸನೆ ಬರುತ್ತಿತ್ತು.

“ನಿಮಗೆ ಅವಳಿ ತಮ್ಮ ಯಾರಾದ್ರೂ...” ಎಂದಳು ಮೆಲ್ಲಗೆ.

“ಇಲ್ಲ. ಒಬ್ಬನೇ ಮಗ. ಯಾಕೆ?”

ಅವಳ ಬಾಯಿ ಸುಮ್ಮನಿರಲಿಲ್ಲ. “ನೀವು... ಸತ್ತಿದ್ರಿ ಅಲ್ವಾ?”

ಅವನು ಅವಳನ್ನೇ ದಿಟ್ಟಿಸಿದ. ನಿಧಾನವಾಗಿ ಕೆನ್ನೆಯ ಗುಳಿ ಆಳವಾಯಿತು. “ಜನ್ನಾಪುರದವರಾ?”

“ಹ್ಞೂಂ.”

“ಅದೇ ಮತ್ತೆ. ಅಲ್ಲಿಯವರಿಗೆ ಮಾತ್ರ ನಾನು ಸತ್ತಿರೋದು.” ಅವನ ಹೆಸರು ದುಶ್ಯಂತ್. ಬೈಕ್ ಆಕ್ಸಿಡೆಂಟ್ ಆಗಿ, ಪ್ರಜ್ಞೆ ಇಲ್ಲದವನನ್ನು ಮಂಗಳೂರಿನ ಆಸ್ಪತ್ರೆಗೆ ಸಾಗಿಸಿದ್ದರು. ಯಾರೋ ವಾಟ್ಸಾಪ್‌ನಲ್ಲಿ ‘ಓಂ ಶಾಂತಿ’ ಹಾಕಿದರು. ಜನ್ನಾಪುರದ ಗೆಳೆಯರು ಅತ್ತುಕೊಂಡೇ ಫ್ಲೆಕ್ಸ್ ಕಟ್ಟಿದರು. “ಎಚ್ಚರ ಆಗಿ ಫೋನ್ ನೋಡ್ತೀನಿ, ನನ್ನ ಶ್ರದ್ಧಾಂಜಲಿ ನಾನೇ ಓದ್ತಾ ಇದ್ದೀನಿ ಮಾರಾಯ್ರೆ!”

ತನುಜಾ ಗಟ್ಟಿಯಾಗಿ ನಕ್ಕುಬಿಟ್ಟಳು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

“ಫೋಟೊ ಮಾತ್ರ ಚೆನ್ನಾಗಿತ್ತು,” ಎಂದಳು, ಕಾಗದದ ಕಡೆ ಬಗ್ಗಿ.

“ಹೌದಾ? ಬದುಕಿದ್ದಾಗ ಯಾರೂ ಹೇಳಿರಲಿಲ್ಲ.”

ಅವಳ ಕಿವಿ ಬಿಸಿಯಾಯಿತು. ಮುಂದಿನ ಗೆರೆಯೂ ಚುಕ್ಕಿ ತಪ್ಪಿತು.

*

ಗೆರೆಗಳಾದ ಮೇಲೆ ಎಲಿಪ್ಸ್ ಬಂತು. ಲೋಟದ ಬಾಯಿ, ಬಕೆಟ್ಟಿನ ಬಾಯಿ, ಕೇಕಿನ ಮೇಲ್ಭಾಗ. ನೇರ ಮೇಲಿಂದ ನೋಡಿದರೆ ಉರುಟು, ಓರೆಯಿಂದ ನೋಡಿದರೆ ಚಪ್ಪಟೆ. ಒಂದೇ ಉಸಿರಿಗೆ ಸುತ್ತಬೇಕು, ತುದಿಗಳು ಚೂಪಾಗಬಾರದು ಎಂದು ಮೇಷ್ಟ್ರು ಹೇಳಿದ್ದರು.

“ಇದೇನು?” ತನುಜಾ ಅವನ ಹಾಳೆಗೆ ಇಣುಕುತ್ತಿದ್ದಳು.

“ಎಲಿಪ್ಸ್.”

“ಯಾರೋ ಕಾಲಿಟ್ಟ ಇಡ್ಲಿ ಇದು.”

“ನಿಮ್ಮದು ಏನು ಮಹಾ? ಎರಡೂ ಕಡೆ ಮೂತಿ ಬಂದಿದೆ, ಕರ್ಜಿಕಾಯಿ ಥರ.”

ಅವಳು ಕೊಂಕು ನೋಟ ಬೀರಿದರೆ ಅವನು ಹುಬ್ಬು ಏರಿಸುತ್ತಿದ್ದ. ಇವನು ಎಡಚ ಎಂದಷ್ಟೇ ಅವಳು ತಿಳಿದಿದ್ದಳು. ಬಲಗೈ ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿರುತ್ತಿತ್ತು, ಅದೊಂದು ಸ್ಟೈಲ್ ಎಂದುಕೊಂಡಿದ್ದಳು. ಏನು ಕೆಲಸ ಎಂದು ಕೇಳಿದ್ದಕ್ಕೆ, ‘ಸದ್ಯಕ್ಕೆ ಪ್ರಿಂಟಿಂಗ್ ಅಂಗಡಿಯ ಕೌಂಟರ್’ ಎಂದಿದ್ದ. ವಾರವಿಡೀ ಮೈದಾ ಜರಡಿ ಹಿಡಿಯುವಾಗ, ಕ್ರೀಮ್ ಹಚ್ಚುವಾಗ, ಭಾನುವಾರ ಅವನಿಗೆ ಹೇಳಬೇಕಾದ ಮಾತುಗಳು ಅವಳಲ್ಲಿ ಗುಡ್ಡೆ ಬೀಳುತ್ತಿದ್ದವು.

ಪರ್ಸ್ಪೆಕ್ಟಿವ್ ಪಾಠಕ್ಕೆ ಮೇಷ್ಟ್ರು ಎಲ್ಲರನ್ನೂ ಭದ್ರಾವತಿ ರೈಲ್ವೆ ಸ್ಟೇಷನ್ನಿಗೆ ಬರಹೇಳಿದರು. “ಹಳಿ ಎರಡೂ ದೂರದಲ್ಲಿ ಒಂದೇ ಚುಕ್ಕಿಗೆ ಸೇರ್ತಾವೆ. ಅದನ್ನ ಕಣ್ಣಾರೆ ನೋಡಿ, ಆಮೇಲೆ ಬರೀರಿ.”

ದುಶ್ಯಂತ್ ಬೇಗ ಬಂದಿದ್ದ. ಅವಳಿಗೂ ಅದೇ ಬೇಕಿತ್ತು. “ಬನ್ನಿ, ನಿಮಗೆ ಒಂದು ತೋರಿಸ್ತೀನಿ,” ಎಂದು ಆಟೊ ಹತ್ತಿಸಿದಳು. ಎಲ್ಲಿಗೆ ಎಂದರೂ ಹೇಳಲಿಲ್ಲ. ಜನ್ನಾಪುರದ ಶಾಲೆಯೊಂದರ ಕಾಂಪೌಂಡಿನ ಎದುರು ಆಟೊ ನಿಂತಾಗ ಅವನ ಮುಖದಿಂದ ನಗು ಇಳಿದುಹೋಗಿದ್ದನ್ನು ಅವಳು ಗಮನಿಸಲಿಲ್ಲ.

ಗೋಡೆಯುದ್ದಕ್ಕೂ ಆನೆಗಳು. ಹೊಳೆಗಿಳಿದ ಹಿಂಡು, ತಾಯಿಯ ಹೊಟ್ಟೆಯಡಿ ಅಡಗಿದ ಮರಿ, ಕಾಲಿನ ಸುತ್ತ ಹರಡಿದ ನೀರಿನ ಉಂಗುರಗಳು.

“ಕೇಕ್ ಕೊಡೋಕೆ ಹೋಗುವಾಗ ದಿನಾ ನೋಡ್ತೀನಿ. ಪಾಠ ಕಲಿತ ಮೇಲೇ ಗೊತ್ತಾಗಿದ್ದು ಎಷ್ಟು ಕಷ್ಟ ಅಂತ. ಆ ಉಂಗುರ ನೋಡಿ, ಒಂದೊಂದೂ ಪಕ್ಕಾ ಎಲಿಪ್ಸ್. ದೂರ ಹೋದ ಹಾಗೆ ಹೇಗೆ ಚಪ್ಪಟೆ ಆಗಿದೆ! ನೀವು ಇದನ್ನ ನೋಡಿ ಕಲೀಬೇಕು.”

ತಿರುಗಿದರೆ ಅವನ ತುಟಿ ಬಿಳುಚಿಕೊಂಡಿತ್ತು.

ಅಷ್ಟರಲ್ಲಿ ಗೇಟಿನೊಳಗಿಂದ ಸ್ಕೂಟರ್ ಹೊರಗೆ ಬಂತು. ಭಾನುವಾರದ ಆಟದ ಅಭ್ಯಾಸ ಮುಗಿಸಿ ಹೊರಟಿದ್ದ ಶಾಲೆಯ ಪಿ.ಟಿ. ಮೇಷ್ಟ್ರು ಗಣೇಶ್. ಅವರು ಸ್ಕೂಟರನ್ನು ಅಡ್ಡಡ್ಡ ನಿಲ್ಲಿಸಿ ಓಡಿಬಂದು ಅವನನ್ನು ತಬ್ಬಿಕೊಂಡರು.

“ದುಶ್ಯಂತಾ! ಎಷ್ಟು ದಿನ ಆಯ್ತೋ! ನಿನ್ನ ಆನೆ ನೋಡದೆ ನಮ್ಮ ಮಕ್ಕಳು ಒಳಗೇ ಹೋಗಲ್ಲ ಮಾರಾಯ. ಕೈ ಹೇಗಿದೆ? ಬೆರಳು ಏನಾದ್ರೂ ಆಡುತ್ತಾ?” ಆಮೇಲೆ ತನುಜಾಳ ಕಡೆ ತಿರುಗಿ, ಕಣ್ಣಂಚು ಒರೆಸಿಕೊಳ್ಳುತ್ತ, “ಇದನ್ನ ಮುಗಿಸಿ ಮನೆಗೆ ಹೊರಟವನು ಮೇಡಂ. ದಾರೀಲಿ ಲಾರಿ ಗುದ್ದಿತು. ಎಂಥಾ ಬಲಗೈ ಅದು!” ಎಂದರು.

ತನುಜಾ ಗೋಡೆ ನೋಡಿದಳು. ಅವನ ಜೇಬು ನೋಡಿದಳು. ಮತ್ತೆ ಗೋಡೆ ನೋಡಿದಳು. ಕಾಲಿಟ್ಟ ಇಡ್ಲಿ ಎಂದಿದ್ದು ತನ್ನದೇ ದನಿಯಲ್ಲಿ ಮತ್ತೆ ಕೇಳಿಸಿತು.

ಗಣೇಶ್ ಹೋದ ಮೇಲೆ ಅವಳ ದನಿ ಹೊರಟಿತು. “ಯಾಕೆ ಹೇಳಲಿಲ್ಲ? ನಾನು ಪ್ರತಿ ವಾರ ಅಷ್ಟು ನಗ್ತಿದ್ದೆ...”

“ನಕ್ಕಿದ್ದು ನೀವೊಬ್ಬರೇ. ಬೇರೆ ಎಲ್ಲರೂ ನನ್ನ ಗೆರೆ ನೋಡಿ ಅಳ್ತಾರೆ. ನನ್ನಮ್ಮನೂ.” ಅವನು ಆನೆಮರಿಯ ಕಡೆ ನೋಡುತ್ತಿದ್ದ. “ಮದುವೆ ಗೊತ್ತಾಗಿತ್ತು. ನಾನು ಸತ್ತೆ ಅಂತ ಕೇಳಿದಾಗ ಆ ಹುಡುಗಿ ಊಟ ಬಿಟ್ಟು ಅತ್ತಳಂತೆ. ಬದುಕಿದ್ದೀನಿ, ಕೈ ಮಾತ್ರ ಹೋಗಿದೆ ಅಂತ ಗೊತ್ತಾದ ಮೇಲೆ ನೋಡೋಕೂ ಬರಲಿಲ್ಲ.”

ಇಬ್ಬರೂ ಆಟೊದಲ್ಲಿ ಸ್ಟೇಷನ್ನಿಗೆ ಮರಳಿದರು. ಪ್ಲಾಟ್‌ಫಾರ್ಮಿನಲ್ಲಿ ಕೂತು ಹಳಿ ಬರೆಯುವಾಗ ಅವಳ ಹಾಳೆಯಲ್ಲಿ ಗೆರೆಗಳು ಎಲ್ಲೂ ಸೇರಲಿಲ್ಲ. ಆಗಾಗ ಕದ್ದು ಅವನ ಜೇಬಿನತ್ತ ನೋಡುತ್ತಿದ್ದಳು. ಅವನು ಅದನ್ನು ನೋಡಿದ.

*

ಮುಂದಿನ ಭಾನುವಾರ ಕಿಟಕಿ ಪಕ್ಕದ ಜಾಗ ಖಾಲಿ. ಅದರ ಮುಂದಿನ ಭಾನುವಾರವೂ ಖಾಲಿ. ಫೋನ್ ಮಾಡಿದರೆ ಎತ್ತಲಿಲ್ಲ.

ತನುಜಾ ಮೇಷ್ಟ್ರ ಹತ್ತಿರ ವಿಳಾಸ ಕೇಳಿ, ಕ್ಲಾಸಿನ ನಡುವೆಯೇ ಎದ್ದು ವಿನೋಬನಗರಕ್ಕೆ ಆಟೊ ಹಿಡಿದಳು. ಬಾಗಿಲು ತೆಗೆದವನು ಅವಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ.

“ನೀವು... ಇಲ್ಲಿ?”

“ಕ್ಲಾಸಿಗೆ ಯಾಕೆ ಬರ್ತಿಲ್ಲ?”

“ಅವತ್ತು ಸ್ಟೇಷನ್ನಲ್ಲಿ ನೀವು ನನ್ನ ನೋಡಿದ ರೀತಿ,” ಎಂದ ಅವನು. “ಎಲ್ಲರೂ ಹಾಗೇ ನೋಡ್ತಾರೆ. ನೀವೊಬ್ಬರು ನೋಡ್ತಿರಲಿಲ್ಲ. ನೀವೂ ಶುರು ಮಾಡಿದ್ರಿ.”

ಅವನ ಹಿಂದೆ ನೆಲದ ಮೇಲೆ ಹಳೆಯ ನ್ಯೂಸ್‌ಪೇಪರ್ ಹಾಳೆಗಳು ಹರಡಿಬಿದ್ದಿದ್ದವು. ಎಲ್ಲದರ ಮೇಲೂ ಗೆರೆ, ಡಬ್ಬಿ, ಎಲಿಪ್ಸ್. ಕ್ಲಾಸು ಬಿಟ್ಟವನು ಅಭ್ಯಾಸ ಬಿಟ್ಟಿರಲಿಲ್ಲ. ತನುಜಾ ಚಪ್ಪಲಿ ಕಳಚಿ ಒಳಗೆ ಬಂದು ಒಂದು ಹಾಳೆ ಎತ್ತಿಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು.

“ಈಗಲೂ ಕೆಟ್ಟದಾಗಿದೆ.”

“ಏನಂದ್ರಿ?”

“ಮೊದ್ಲು ಇಡ್ಲಿ ಆಗಿತ್ತು. ಈಗ ಬದನೆಕಾಯಿ. ಸ್ವಲ್ಪ ಸುಧಾರಿಸಿದ್ದೀರಿ ಅನ್ನಿ.”

ಅವನು ಬೆಚ್ಚಿ ನೋಡಿದ. ಆಮೇಲೆ ಗೋಡೆಗೆ ಒರಗಿ ನಗತೊಡಗಿದ. ನಗುತ್ತ ನಗುತ್ತ ಕಣ್ಣು ತುಂಬಿತು, ಎಡ ಅಂಗೈಯಲ್ಲಿ ಒರೆಸಿಕೊಂಡ.

“ಅವತ್ತು ನನಗೆ ದಿಗಿಲಾಯ್ತು,” ಎಂದಳು ತನುಜಾ. “ಕೋಪಾನೂ ಬಂತು. ನೀವು ಬರದೆ ಇದ್ದ ಮೇಲೆ ಗೊತ್ತಾಯ್ತು, ಇನ್ನೊಂದೂ ಆಗಿದೆ ಅಂತ.”

“ಏನು?”

“ಬಾಯಿ ಬಿಟ್ಟು ಹೇಳಬೇಕಾ?”

“ಹೇಳಬೇಕು. ಇಲ್ಲಾಂದ್ರೆ ನಾನು ನಂಬಲ್ಲ.”

“ನೀವು ಬೇಕು ನನಗೆ.”

ಹೇಳಿಬಿಟ್ಟ ಮೇಲೆ ಅವಳೇ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಹೊರಗೆ ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಿದ್ದ. ದುಶ್ಯಂತ್‌ಗೆ ಏನೂ ಕೇಳಿಸುತ್ತಿರಲಿಲ್ಲ. “ಇನ್ನೊಂದ್ಸಲ ಹೇಳು,” ಎಂದ. ‘ನೀವು’ ಎಲ್ಲಿ ಬಿದ್ದುಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

*

ಮನೆಯಲ್ಲಿ ಹೆಸರು ಹೇಳಿದ ತಕ್ಷಣ ಅವಳ ಅಪ್ಪ ಹೊನ್ನಯ್ಯ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿ ಕೆಮ್ಮಿದರು.

“ಯಾರು? ಆ ಫ್ಲೆಕ್ಸಿನ ಹುಡುಗನಾ? ಅವನು ಹೋಗಿಬಿಟ್ಟನಲ್ಲೇ!”

“ಹೋಗಿಲ್ಲ ಅಪ್ಪಾ. ಶಿವಮೊಗ್ಗದಲ್ಲಿದ್ದಾನೆ.”

“ಸರ್ಕಲ್‌ನಲ್ಲಿ ಹಾರ ಹಾಕಿ ಊದಿನಕಡ್ಡಿ ಹಚ್ಚಿದ್ರು. ನಾನೂ ನಿಂತು ಕೈ ಮುಗಿದು ಬಂದಿದ್ದೀನಿ! ಈಗ ಅವನನ್ನ ಅಳಿಯ ಅಂತ ಬೀದೀಲಿ ಕರ್ಕೊಂಡು ಹೋಗೋದಾ?” ಕೈಯ ವಿಷಯ ಕೇಳಿದ ಮೇಲೆ ಅವರು ಒಳಗೆ ಹೋಗಿ ಟಿವಿ ಹಾಕಿಕೊಂಡರು.

ಅಮ್ಮ ಪುಷ್ಪಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. “ಒಂದಿನ ಊಟಕ್ಕೆ ಕರಿ,” ಎಂದರು. “ನೋಡದೆ ನಾನು ಏನೂ ಹೇಳಲ್ಲ.”

ಅವನು ಬಂದ. ಪುಷ್ಪಮ್ಮ ಕಡುಬು, ಕೋಳಿ ಸಾರು ಮಾಡಿದ್ದರು. ಎಲೆ ಹಾಕಿ ಬಡಿಸಿದರು. ಹೊನ್ನಯ್ಯ ಎದುರು ಕೂತು ಮೀಸೆಯ ಮರೆಯಿಂದ ನೋಡುತ್ತಿದ್ದರು. ದುಶ್ಯಂತ್‌ನ ಎಡಗೈ ಎಲೆಯ ಹತ್ತಿರ ಹೋಯಿತು, ನಿಂತಿತು, ಮತ್ತೆ ತೊಡೆಗೆ ಬಂತು. ಹೊರಗಿನವರ ಮನೆಯಲ್ಲಿ ಅವನು ಊಟ ಮಾಡುವುದನ್ನೇ ಬಿಟ್ಟಿದ್ದ. ಎಡಗೈ ಎಲೆಗೆ ಇಳಿದಾಗ ಜನರ ಕಣ್ಣು ಹೇಗಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ತನುಜಾಳಿಗೆ ಅದು ಹೊಳೆದದ್ದು ಆ ಗಳಿಗೆಯಲ್ಲೇ.

“ಬೆಳಿಗ್ಗೆ ತಿಂಡಿ ಜಾಸ್ತಿ ಆಯ್ತು, ಅಷ್ಟು ಹಸಿವಿಲ್ಲ...” ಎಂದು ಅವನು ಶುರುಮಾಡಿದ.

ಪುಷ್ಪಮ್ಮ ಅವನ ಪಕ್ಕ ಬಂದು ಕೂತರು. ಅವನ ಎಲೆಯಲ್ಲಿದ್ದ ಕಡುಬನ್ನು ಮುರಿದು ಸಣ್ಣ ಸಣ್ಣ ತುಂಡು ಮಾಡಿದರು. ಕೋಳಿಯ ಮೂಳೆ ಬಿಡಿಸಿ ಪಕ್ಕಕ್ಕಿಟ್ಟರು. ಮೇಲೆ ಬಿಸಿ ಸಾರು ಸುರಿದರು. ಒಂದು ಚಮಚ ತೊಳೆದು ತಂದು ಅವನ ಎಡಗೈಗೆ ಕೊಟ್ಟರು.

“ಯಾವ ಕೈಯಲ್ಲಿ ತಿಂದ್ರೆ ಏನಪ್ಪ, ಆರೋದ್ರೊಳಗೆ ತಿನ್ನು.”

ತನುಜಾ ಅಮ್ಮನನ್ನು ಬೆರಗಾಗಿ ನೋಡಿದಳು. ಮೈಲಿಗೆ, ಮಡಿ ಎಂದು ಮನೆಯಿಡೀ ಗದರುವ ಅಮ್ಮ! ದುಶ್ಯಂತ್ ಚಮಚ ಹಿಡಿದು ತಲೆ ತಗ್ಗಿಸಿದ. ಒಂದು ತುತ್ತು ಇಳಿಯಲು ಬಹಳ ಹೊತ್ತು ಬೇಕಾಯಿತು.

ಹೊನ್ನಯ್ಯ ಗಂಟಲು ಸರಿಮಾಡಿಕೊಂಡರು. ಇನ್ನೇನು ಸಿಡಿಯುತ್ತಾರೋ ಎಂದು ತನುಜಾ ಉಸಿರು ಬಿಗಿಹಿಡಿದಳು.

“ಇನ್ನೊಂದು ಕಡುಬು ಹಾಕೇ ಅವನಿಗೆ,” ಎಂದರು ಅವರು ಹೆಂಡತಿಗೆ. “ವಯಸ್ಸಿನ ಹುಡುಗ. ಎರಡಕ್ಕೆ ಏನಾಗುತ್ತೆ?”

*

ಸಂಜೆ ತನುಜಾ ಅವನನ್ನು ಬಸ್ ಹತ್ತಿಸಲು ಹೊರಟಳು. ಬೀದಿಯುದ್ದಕ್ಕೂ ಹೆಂಗಸರು ಗೇಟಿಗೆ ಬಂದು ನಿಂತು ನೋಡಿದರು. ಒಬ್ಬಾಕೆಯಂತೂ ಕೈಯಲ್ಲಿದ್ದ ಪೊರಕೆಯನ್ನೇ ಕೆಳಗೆ ಬಿಟ್ಟಳು.

“ಎಲ್ಲರೂ ನೋಡ್ತಿದ್ದಾರೆ,” ಎಂದ ದುಶ್ಯಂತ್.

“ನೋಡಲಿ ಬಿಡು.”

ಅವಳು ಅವನ ಬಲಬದಿಗೆ ಬಂದಳು. ನಡೆಯುತ್ತಲೇ ಅವನ ಜೇಬಿನಿಂದ ಆ ಕೈಯನ್ನು ಮೆಲ್ಲಗೆ ಹೊರಗೆ ತೆಗೆದು ತನ್ನ ಅಂಗೈಯೊಳಗೆ ಇಟ್ಟುಕೊಂಡಳು. ತೆಳ್ಳಗಾಗಿತ್ತು, ಸ್ವಲ್ಪ ತಣ್ಣಗಿತ್ತು. ಬೆರಳುಗಳು ಹಿಡಿತ ಕೊಡಲಿಲ್ಲ. ಅವನು ನಡುಬೀದಿಯಲ್ಲಿ ನಿಂತುಬಿಟ್ಟ. ಆಸ್ಪತ್ರೆಯವರನ್ನು ಬಿಟ್ಟು ಆ ಕೈಯನ್ನು ಈವರೆಗೆ ಯಾರೂ ಮುಟ್ಟಿರಲಿಲ್ಲ.

“ತನುಜಾ, ಅದರಲ್ಲಿ ನನಗೆ ಮುಟ್ಟಿದ್ದು ಗೊತ್ತಾಗಲ್ಲ,” ಎಂದ, ದನಿ ಒಡೆದು.

“ನನಗೆ ಗೊತ್ತಾಗುತ್ತಲ್ಲ,” ಎಂದಳು ಅವಳು. “ನಡಿ, ಬಸ್ ಬರ್ತಿದೆ.”